ಬಾಗಿಲಕ್ಕ

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಕ್ಕ ಕೂರುವವಳಲ್ಲ. ಜಂಕ್ಷನ್ನಿನಲ್ಲಿ ಊರಿನ ರೈಲು ತಪ್ಪೀತೆಂದು, ಹತ್ತಿದ ಗಳಿಗೆಯಿಂದಲೇ ಚಪ್ಪಲಿಯನ್ನು ಚೀಲಕ್ಕೆ ತುರುಕಿ, ಸೆರಗು ಬಿಗಿದು, ಬಾಗಿಲ ಕಂಬಿಗೆ ಅಂಟಿಕೊಳ್ಳುತ್ತಾಳೆ. ರೈಲು ಕುಂಟಿದರೆ ಡ್ರೈವರಿಗೆ ಶಾಪ, ನಿಂತರೆ ಸಿಗ್ನಲ್ಲಿಗೆ. "ನೀವ್ ನಿಂತ್ರೆ ರೈಲು ಓಡುತ್ತೇನಕ್ಕಾ?" ಎಂದು ದಿನವೂ ಕೆಣಕುವ ಬಾಚಣಿಗೆ ಮಾರುವವನಿಗೆ, "ಕೂತ್ರೆ ಓಡುತ್ತೇನೋ?" ಎನ್ನುತ್ತಾಳೆ. ಇವತ್ತು ಜಂಕ್ಷನ್ ಕಣ್ಣಿಗೆ ಕಾಣುತ್ತಿರುವಾಗಲೇ ರೈಲು ನಿಂತುಬಿಟ್ಟಿತು. ಅತ್ತ ಊರಿನ ರೈಲು ಮೊದಲ ಸೀಟಿ ಹಾಕಿತು. "ಅತ್ತೆ, ಒಂಚೂರು ಎತ್ತಾಡಿಸ್ತಿರಿ, ಬಂದೇಬಿಟ್ಟೆ" ಎಂದು ಫೋನಿನಲ್ಲಿ ಸುಳ್ಳು ಹೇಳುವಾಗ ಆ ಕಡೆಯಿಂದ ಕೂಸಿನ ಅಳು ಕೇಳಿತು. ಕೇಳಿದ್ದೇ ತಡ, ಎದೆಯ ಮೇಲಿನ ಸೆರಗು ಒದ್ದೆಯಾಯಿತು. ಬಾಚಣಿಗೆಯವನು ಇವತ್ತು ಕೆಣಕಲಿಲ್ಲ. ರೈಲು ಪ್ಲಾಟ್‌ಫಾರ್ಮ್ ಮುಟ್ಟುತ್ತಲೇ ಅವಳ ಚೀಲವನ್ನು ಹೆಗಲಿಗೇರಿಸಿ, "ಆ ರೈಲಿನ ಬಾಗಿಲಲ್ಲಿ ನಾನು ನಿಂತಿರ್ತೀನಿ, ನೀವು ಬನ್ನಿ" ಎಂದು ಓಡಿದ.