ಹೊಟ್ಟೆಯೊಳಗಿನ ತಂತಿ

ಅಕ್ಕೋರ ಗದ್ದದ ಮೇಲೆ ಯಾವಾಗಲೂ ಒಂದು ಕಪ್ಪು ಮಸಿಯ ಬೊಟ್ಟು ಇರುತ್ತಿತ್ತು. ಯೋಚನೆಗೆ ಬಿದ್ದರೆ ಕುಂಚ ಹಿಡಿದ ಕೈಯಿಂದಲೇ ಗದ್ದ ಹಿಡಿದುಕೊಳ್ಳುವ ಚಾಳಿ. ತಿಳವಳ್ಳಿ ಹತ್ತಿರದ ನಮ್ಮ ಶಾಲೆಗೆ ಚಿತ್ರ ಕಲಿಸಲು ಬಂದವರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಾವು ಮುಸಿಮುಸಿ ನಕ್ಕರೆ, "ನಗ್ರಿ, ನಗ್ರಿ. ನಿಮ್ಮ ಮೂಗಿಗೂ ಹಚ್ತೇನಿ," ಅನ್ನುತ್ತಿದ್ದರು. ಹಾಗೆಂದು ಮೆತ್ತನೆಯ ಮನುಷ್ಯರಲ್ಲ. ಪುಸ್ತಕ ನೋಡಿ ಗುಲಾಬಿ ಬರೆದವರಿಗೆ, "ನಿಮ್ಮ ಹಿತ್ತಲದಾಗ ಐತೇನಿದು?" ಎಂದು ಕೇಳಿಯೇ ಬಿಡುವವರು.

ನಾನು ಐದನೇ ಇಯತ್ತೆಯಲ್ಲಿದ್ದಾಗ ನನ್ನ ತಮ್ಮ ಹೊಲದ ಕೃಷಿಹೊಂಡದಲ್ಲಿ ಬಿದ್ದು ಸತ್ತ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಜಾರಿದರೆ ದೊಡ್ಡವರೂ ಹತ್ತಿ ಬರಲಾರರು. ಅವನು ಇನ್ನೂ ಒಂದನೇ ಇಯತ್ತೆ. ಸುತ್ತ ಇದ್ದ ತಂತಿ ಬೇಲಿಯನ್ನು ಹಿಂದಿನ ದಿನವಷ್ಟೇ ಕಾಕಾ, ಅಂದರೆ ಅಪ್ಪನ ತಮ್ಮ, ಹೆಂಡತಿಯ ತವರಿನ ಹೊಲಕ್ಕೆಂದು ಬಿಚ್ಚಿ ಒಯ್ದಿದ್ದ. ನಾನು ಕಣ್ಣಾರೆ ಕಂಡಿದ್ದೆ. ಉಳಿದವರೆಲ್ಲ ಕಳ್ಳರ ಕೆಲಸ ಅಂದುಕೊಂಡರು, ಕಾಕಾ ಬಾಯಿ ಬಿಡಲಿಲ್ಲ. ನಾನು ಹೋಗಿ ಆಯಿಗೆ, ಅಪ್ಪನ ತಾಯಿಗೆ, ಹೇಳಿದೆ. ಆಕೆ ನನ್ನ ರಟ್ಟೆ ಹಿಡಿದು ದನದ ಕೊಟ್ಟಿಗೆಗೆ ಎಳೆದೊಯ್ದಳು. "ಇದನ್ನ ಹೊಟ್ಟ್ಯಾಗ ಇಟಗೋ. ಹೊರಗ ಬಂತಂದ್ರ ಮನಿ ಎರಡಾಗ್ತೈತಿ," ಅಂದಳು.

ಯಾರಿಗೂ ಹೇಳಬೇಡ ಅನ್ನುವುದಕ್ಕೆ ನಾವೆಲ್ಲ ಆಡುವ ಮಾತೇ ಅದು. ನಾನೋ, ನಿಜಕ್ಕೂ ಹೊಟ್ಟೆಯಲ್ಲೇ ಇಟ್ಟುಕೊಂಡೆ. ತಂತಿ ಒಳಗೆ ಕೂತಿದೆ, ಅದರ ಮೇಲೆ ರೊಟ್ಟಿ ಬಿದ್ದರೆ ವಾಂತಿಯಾಗಿ ಹೊರಬರುತ್ತದೆ, ಮನೆ ಒಡೆಯುತ್ತದೆ. ಉಣ್ಣುವುದು ಬಿಟ್ಟೆ, ಮಾತೂ ಬಿಟ್ಟೆ. ಮಜ್ಜಿಗೆಯೊಂದು ತಂತಿಯ ಸಂದಿಯಲ್ಲಿ ಇಳಿದೀತೆಂದು ಕುಡಿಯುತ್ತಿದ್ದೆ. ಅವ್ವ ತುತ್ತು ಹಿಡಿದು ಅಳುತ್ತಿದ್ದಳು, ನಾನು ಹಲ್ಲು ಕಚ್ಚುತ್ತಿದ್ದೆ. ಸವಣೂರಿನಿಂದ ತಾಯಿತ ಬಂತು. ಹಾನಗಲ್ಲಿನ ಡಾಕ್ಟರು ಸಲೈನ್ ಏರಿಸಿ, "ಹಿಂಗ ಆದ್ರ ಹುಡುಗಿ ಉಳಿಯೂದಿಲ್ರಿ, ಹುಬ್ಬಳ್ಳಿಗೆ ಒಯ್ರಿ," ಅಂದರು. ಹುಬ್ಬಳ್ಳಿಗೆ ದುಡ್ಡು ಕೂಡುವ ತನಕ, ಮನೆಯಲ್ಲಿದ್ದರೆ ಇನ್ನೂ ಕೊರಗುತ್ತಾಳೆಂದು ಅವ್ವ ಶಾಲೆಗೆ ಮಾತ್ರ ಕಳಿಸುತ್ತಿದ್ದಳು.

ಅಂಥದೊಂದು ದಿನ ಅಕ್ಕೋರು ರಟ್ಟಿಗೆ ಅಂಟಿಸಿದ ಚಿತ್ರಗಳನ್ನು ತಂದರು. ದಪ್ಪ ಕಪ್ಪು ಗೆರೆಯ ಕರಡಿ. ಅದರ ಹೊಟ್ಟೆಯೊಳಗಿನ ಮೀನು ಕಾಣುತ್ತಿತ್ತು. ಕರಡಿಯಿಂದ ಹಕ್ಕಿಗೆ, ಹಕ್ಕಿಯಿಂದ ಮನುಷ್ಯನಿಗೆ ಗೆರೆ ಹರಿದಿತ್ತು.

"ಇವರು ಅನಿಶಿನಾಬೆ ಮಂದಿ. ಕೆನಡಾದ ಕಡೆ ದೊಡ್ಡ ದೊಡ್ಡ ಕೆರಿ ದಂಡಿಗೆ ಇರ್ತಾರ. ನಮ್ಮಂಗ ಅವರಿಗೂ ಬೆಡಗು, ಅಂದ್ರ ಕುಲ, ಅದಾವ, ಕರಡಿ ಬೆಡಗು, ಕೊಕ್ಕರಿ ಬೆಡಗು. ಹಿಂದಕ ಅವರ ಹುಡುಗರನ್ನ ಅವ್ವನ ಮಗ್ಗಲದಿಂದ ಕಸಗೊಂಡು ದೂರದ ಸಾಲಿಗೆ ಹಾಕಿದ್ರು. ಮನಿ ಮಾತು ಆಡಿದ್ರ ಹೊಡೀತಿದ್ರು. ಎಷ್ಟೋ ಮಂದಿ ಅದನ್ನ ಬಾಯಿಲೆ ಹೇಳಾಕ ಆಗಲಿಲ್ಲ. ಈಗ ಚಿತ್ರದಾಗ ಕತಿ ಮಾಡಿ ಹೇಳಾಕತ್ತಾರ. ಹೇಳಿದಷ್ಟು ಮೈ ಹಗೂರ."

ಒಬ್ಬ ಹುಡುಗ ಕರಡಿ ಬರೆಯಲು ಕೂತ. ಅಕ್ಕೋರು ಹಾಳೆ ಕಸಿದರು. "ಕರಡಿ ಅವರದು, ಕತೀನೂ ಅವರದು. ನಿನ್ನ ಹೊಟ್ಟ್ಯಾಗ ಏನೈತಿ, ಅದನ್ನ ಬರಿ."

ಬರೆದರೆ ಹೊರಗೆ ಬಂದಂತಾಯಿತೇ? ಬಾಯಿಂದ ಬರುತ್ತಿಲ್ಲವಲ್ಲ ಎಂದು ಧೈರ್ಯ ಮಾಡಿ, ಒಬ್ಬ ಹುಡುಗಿಯನ್ನು ಬರೆದು ಅವಳ ಹೊಟ್ಟೆಯಲ್ಲಿ ತಂತಿಯ ಸುರುಳಿ ಬರೆದೆ. ಅಕ್ಕೋರು ನೋಡಿದರು, ಯಾರಿಗೂ ತೋರಿಸಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ, "ಇದರ ಗೆರಿ ಯಾರ ಕಡೆ ಹೋಗತೈತಿ, ಎಳಿ," ಅಂದರು. ಒಂದನ್ನು ಹೊಂಡಕ್ಕೆ ಎಳೆದೆ. ಇನ್ನೊಂದನ್ನು ಎಳೆದು ತುದಿಗೆ 'ಕಾಕಾ' ಎಂದು ಬರೆದೆ. ಮತ್ತೊಂದರ ತುದಿಗೆ 'ಆಯಿ'.

ಸಂಜೆ ನನ್ನನ್ನು ಕರೆದುಕೊಂಡು ಮನೆಗೇ ಬಂದರು. ಹಾಳೆ ಕಂಡದ್ದೇ ಆಯಿ ಎದ್ದು ನಿಂತಳು. "ಸಾಲಿ ಕಲಸಾಕ ಬಂದೀರೋ, ಮನಿ ಮುರ್ಯಾಕ ಬಂದೀರೋ?"

"ಮನಿ ಮುರದ್ರ ಎರಡು ಒಲಿ ಹೂಡ್ತೀರಿ. ಈಕಿ ಹೋದ್ರ ಏನ್ ಮಾಡ್ತೀರಿ, ಯವ್ವಾ?" ಎನ್ನುತ್ತ ಅಕ್ಕೋರು ಹಾಳೆಯನ್ನು ಅವ್ವನ ಕೈಗಿತ್ತರು.

ಮೂಲೆಯಲ್ಲಿದ್ದ ಕಾಕಾ ಅವ್ವನ ಕಡೆ ತಿರುಗಿದ. "ವೈನಿ, ಬೇಲಿ ನಾನ ಬಿಚ್ಚೇನಿ."

ಅಪ್ಪ ಕೊಡಲಿಗೆ ಕೈ ಹಾಕಿದ. ಅಕ್ಕೋರು ಅಣ್ಣತಮ್ಮರ ನಡುವೆ ಅಡ್ಡ ನಿಂತರು. ಅವ್ವ ಆ ಕಡೆ ನೋಡಲೇ ಇಲ್ಲ. ನನ್ನ ಮುಂದೆ ಕೂತು, "ಇದಕ್ಕ ಉಣ್ಣಲಿಲ್ಲೇನ, ನನ್ನವ್ವಾ?" ಎಂದು ಕೇಳಿದಳು.

"ಹೂಂ," ಅಂದೆ. ಎಷ್ಟೋ ದಿನದ ಮೇಲೆ ಬಂದ ನನ್ನ ದನಿ ಕೇಳಿ ಅಪ್ಪ ಕೊಡಲಿ ಕೆಳಗಿಟ್ಟು ಅತ್ತ. ಆ ಸಂಜೆ ನಾನು ಅರ್ಧ ಬಟ್ಟಲು ಗಂಜಿ ಕುಡಿದೆ.

ಆಯಿಯ ಮಾತೇನೂ ಸುಳ್ಳಾಗಲಿಲ್ಲ. ಮನೆ ಎರಡಾಯಿತು, ಪಡಸಾಲೆಯ ನಡುವೆ ಗೋಡೆ ಎದ್ದಿತು. ಊರಿನ ಮಂದಿ ಕಾಕಾನನ್ನು ಬಿಟ್ಟು ಅಕ್ಕೋರಿಗೆ ಮನೆಮುರುಕಿ ಎಂದು ಹೆಸರಿಟ್ಟರು. ಹಾಲು ಹಾಕುವವಳೂ ಅವರ ಬಾಗಿಲಿಗೆ ಹೋಗುವುದನ್ನು ಬಿಟ್ಟಳು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಯಾರಿಗೂ ಎದುರಾಡದೆ ವರ್ಗ ಮಾಡಿಸಿಕೊಂಡು ಚಿಕ್ಕೇರೂರಿನ ಕಡೆ ಹೋದರು.

ಹೋದ ವರ್ಷ ಅವರು ತೀರಿಕೊಳ್ಳುವ ಸ್ವಲ್ಪ ಮೊದಲು ನೋಡಿ ಬಂದೆ. ಹಾಸಿಗೆಗೆ ಅಂಟಿಕೊಂಡಿದ್ದರು. "ಅವತ್ತ ನಿಮಗ ಒಂಚೂರೂ ಅಂಜಿಕಿ ಆಗಲಿಲ್ಲೇನ್ರಿ, ಅಕ್ಕೋರ?" ಎಂದು ಕೇಳಿದೆ.

"ಅಂಜಿಕಿ ಆಗದ ಏನವ್ವಾ? ನಿಮ್ಮಪ್ಪ ಕೊಡ್ಲಿ ಹಿಡದಾಗ ಓಡಿ ಹೋಗೂನು ಅಂತ ತಿರುಗಿದ್ದೆ. ನೀ ನನ್ನ ಸೆರಗು ಹಿಡದಿದ್ದಿ. ಬಿಡಲಿಲ್ಲ."

ನನಗೆ ಅದು ನೆನಪೇ ಇಲ್ಲ. ಕೊಸರಿಕೊಂಡು ಹೊರಡುವುದು ಅವರಿಗೆ ಕಷ್ಟವಿರಲಿಲ್ಲ. ಗಂಜಿಯೂ ಇಳಿಯದ ಹುಡುಗಿಯ ಕೈಯಲ್ಲಿ ಎಷ್ಟು ಬಲ ಇದ್ದೀತು?