ಕತ್ತಲೆ ಕೋಣೆಯ ಕಾಳಿನ ಆಟ

ನನ್ನ ತಂಗಿಯ ಕಣ್ಣು ಹೋದಾಗ ಅವಳಿಗೆ ನಾಲ್ಕೂವರೆ ವರ್ಷ. ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳ ಪಕ್ಕದಲ್ಲಿ ಕೂತು ಆಟ ಕಲಿಸುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಕಥೆಯಾಗುತ್ತದೆ. ಕಥೆ ಕಟ್ಟುವುದು ನನಗೆ ಬೇಕಿಲ್ಲ.

ನಾವು ಯಲಹಂಕದ ಹತ್ತಿರದ ಸಿಂಗಾಪುರವೆಂಬ ಹಳ್ಳಿಯವರು. ಐವತ್ತರ ದಶಕದ ಮಾತು. ಅಪ್ಪನಿಗೆ ಒಂದಿಷ್ಟು ರಾಗಿ ಹೊಲವಿತ್ತು. ಹೊಲದಲ್ಲಿ ಕೆಲಸವಿಲ್ಲದ ದಿನ ಹೆಬ್ಬಾಳದ ಕಡೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ಅವ್ವನೂ ಹೊಲಕ್ಕೆ ಹೋಗುವವಳೇ. ಅಜ್ಜಿಗೆ ಮೊಣಕಾಲು ಹಿಡಿದುಕೊಂಡು ಓಡಾಟ ಕಡಿಮೆಯಾಗಿತ್ತು. ಹಾಗಾಗಿ ಚಿಕ್ಕವಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಹನ್ನೆರಡು ವರ್ಷ, ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಹೆಸರಿತ್ತು. ಆದರೆ ವಾರದಲ್ಲಿ ಮೂರು ದಿನ ಹೋದರೆ ಹೆಚ್ಚು. ಕಳೆ ತೆಗೆಯುವ ಕಾಲದಲ್ಲಿ ಅದೂ ಇಲ್ಲ.

ಊರಿನ ಶಾಲೆಯ ಮೇಷ್ಟ್ರು ಒಂದು ದಿನ ಅಪ್ಪನನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿದರು: “ದೊಡ್ಡವಳನ್ನ ಬಿಡಿಸ್ಬೇಡ ಕಣಪ್ಪ, ಓದೋ ಹುಡುಗಿ. ಚಿಕ್ಕವಳಿಗೆ ನಾಲ್ಕಕ್ಷರ ಬಂದು, ನೂರರವರೆಗೆ ಎಣಿಸೋದು ಬಂದ್ರೆ ನನ್ನ ಹತ್ರ ಕಳಿಸು. ವಯಸ್ಸಾಗದಿದ್ರೂ ಕೂರಿಸ್ಕೋತೀನಿ.”

ನಾನು ಪಕ್ಕದಲ್ಲೇ ಇದ್ದೆ. ಆ ಮಾತು ನನ್ನ ತಲೆಗೆ ಹೊಕ್ಕಿತು. ಚಿಕ್ಕವಳು ಶಾಲೆಗೆ ಸೇರಿದರೆ ನಾನೂ ದಿನಾ ಯಲಹಂಕಕ್ಕೆ ನಡೆಯಬಹುದು. ತಂಗಿಗೆ ವಿದ್ಯೆ ಬರಲಿ ಎಂಬ ದೊಡ್ಡ ಮನಸ್ಸೇನೂ ಅದರಲ್ಲಿ ಇರಲಿಲ್ಲ. ನನಗೆ ನನ್ನ ಶಾಲೆ ಬೇಕಾಗಿತ್ತು.

ಕೂರಿಸಿ ಓದಿಸಿದರೆ ಅವಳು ಎದ್ದು ಓಡುತ್ತಿದ್ದಳು. ಅದಕ್ಕೇ ಆಟ ಹುಡುಕಿದೆ. ಮೊರದಲ್ಲಿ ರಾಗಿ ತೆಳ್ಳಗೆ ಹರಡಿ, ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸುವುದು. ತಪ್ಪಾದರೆ ಮೊರ ಒಂದು ಸಲ ಅಲ್ಲಾಡಿಸಿದರೆ ಸಾಕು, ಅಳಿಸಿಹೋಗುತ್ತಿತ್ತು. ಬೈಗುಳವಿಲ್ಲ, ಬಳಪವೂ ಬೇಡ. ಬಾವಿಯಿಂದ ಮನೆಗೆ ಹೆಜ್ಜೆ ಎಣಿಸುತ್ತಾ ಬರುವುದು. ಮುಷ್ಟಿಯಲ್ಲಿ ಹುಣಸೆ ಬೀಜ ಮುಚ್ಚಿಕೊಂಡು ಸರಿಯೋ ಬೆಸವೋ ಎಂದು ಕೇಳುವುದು. ಒಂದು ತಿಂಗಳಲ್ಲಿ ಐವತ್ತರವರೆಗೆ ಬಂದಳು. ನಾನು ದಿನ ಎಣಿಸುತ್ತಿದ್ದೆ.

ಅಷ್ಟರಲ್ಲಿ ಅವಳಿಗೆ ದಡಾರ ಬಂತು. ನಮ್ಮಲ್ಲಿ ಆ ಹೆಸರು ಹೇಳುತ್ತಿರಲಿಲ್ಲ, ‘ಅಮ್ಮ ಬಂದವ್ಳೆ’ ಎನ್ನುತ್ತಿದ್ದರು. ಅಮ್ಮ ಬಂದ ಮನೆಗೆ ಅದರದೇ ಕಟ್ಟುಪಾಡು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಗ್ಗರಣೆ ನಿಂತಿತು. ಮಗುವಿಗೆ ಸೊಪ್ಪು, ತರಕಾರಿ, ತುಪ್ಪ ಏನೂ ಕೊಡುವಂತಿಲ್ಲ. ಗಂಜಿ, ಮಜ್ಜಿಗೆ ಅಷ್ಟೇ. ಔಷಧಿ ಕೊಟ್ಟರೆ ದೇವಿಗೆ ಸಿಟ್ಟು. ಕಾಳು ತುಂಬಿಡುವ ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಆ ಕೋಣೆಗೆ ಕಿಟಕಿಯಿಲ್ಲ, ಗೋಡೆಯ ಮೇಲ್ಗಡೆ ಅಂಗೈಯಗಲದ ಒಂದು ಬೆಳಕಿಂಡಿ. ಅದಕ್ಕೂ ಅಜ್ಜಿ ಗೋಣಿಚೀಲ ತುರುಕಿಸಿದಳು.

“ಮೂರು ನೀರು ಆಕೋವರ್ಗೂ ಬೆಳಕು ಬೀಳ್ಬಾರ್ದು. ನೀನು ಒಳಗಿರು, ಅಳ್ದಂಗೆ ನೋಡ್ಕೊ,” ಅಂದಳು ಅಜ್ಜಿ ನನಗೆ.

ಬೇವಿನ ಸೊಪ್ಪು ಹಾಕಿದ ನೀರನ್ನು ಮೂರು ಸಲ ಮೈಮೇಲೆ ಹಾಕಿದ ಮೇಲೆ ಅಮ್ಮ ಹೋದಳೆಂದು ಲೆಕ್ಕ. ಮೂರನೆಯದು ಹನ್ನೊಂದನೆಯ ದಿನ. ಅಲ್ಲಿಯವರೆಗೆ ನಾನೂ ಮನೆ ಬಿಟ್ಟು ಹೋಗುವಂತಿರಲಿಲ್ಲ.

ಮೊದಲ ದಿನಗಳು ಬರೀ ಜ್ವರ, ಕೆಮ್ಮು. ಜ್ವರ ಇಳಿದ ಮೇಲೆ ತಂಗಿಗೆ ಬೇಜಾರು ಶುರುವಾಯಿತು. ಕತ್ತಲೆಯಲ್ಲಿ ರಾಗಿಯ ಮೇಲೆ ಬರೆಯಲಾಗುವುದಿಲ್ಲ. ಅದಕ್ಕೆ ನಾನು ಕತ್ತಲೆಯ ಆಟಗಳನ್ನೇ ಕಟ್ಟಿದೆ. ಅವಳ ಬೆನ್ನಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು, ಅವಳು ಹೇಳುವುದು. ಚೊಂಬು, ಡಬ್ಬ, ಗೋಡೆ ತಟ್ಟಿ ಯಾವುದೆಂದು ಕೇಳುವುದು. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಕಾಳಿನ ಆಟ. ಮೊರದಲ್ಲಿ ಅವರೆ, ಹುರುಳಿ, ತೊಗರಿ, ಹೆಸರು, ಅಲಸಂದೆ ಬೆರೆಸಿಡುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಮುಟ್ಟಿ ಬೇರೆ ಮಾಡಬೇಕು, ಒಂದೊಂದನ್ನೂ ಎಣಿಸಬೇಕು. ಕಣ್ಣು ಬಿಟ್ಟರೆ ಸೋತಂತೆ. ಗೆದ್ದರೆ ಹೊರಗಿನ ಡಬ್ಬದಿಂದ ಕದ್ದು ತಂದ ಚಿಟಿಕೆ ಬೆಲ್ಲ.

ಐದನೆಯ ದಿನದಿಂದ ಅವಳು ಸೋಲುವುದನ್ನೇ ಬಿಟ್ಟಳು. ಒಂದು ಸಲವೂ ಕದ್ದು ನೋಡಲಿಲ್ಲ. ನಾನು ಬಾಗಿಲನ್ನು ತುಸು ತೆರೆದರೂ ಮುಖ ಗೋಡೆಗೆ ತಿರುಗಿಸಿ, ರೆಪ್ಪೆ ಬಿಗಿಹಿಡಿದು, ಬೆರಳಲ್ಲೇ ಹೆಸರನ್ನೂ ಹುರುಳಿಯನ್ನೂ ಬೇರೆ ಮಾಡುತ್ತಿದ್ದಳು. ಕಣ್ಣಿನಲ್ಲಿ ಪಿಸುರು ಕಟ್ಟಿ ಅಂಟುತ್ತಿತ್ತು. ಅವ್ವ ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗುತ್ತಿದ್ದಳು. “ಅಮ್ಮನ ಕಾವು ಕಣ್ಣಲ್ಲಿ ನಿಂತೈತೆ, ಇಳೀತದೆ ಬಿಡು,” ಅಂತ ಅಜ್ಜಿ.

ಏಳನೆಯ ದಿನ ಮಧ್ಯಾಹ್ನ ತಂಗಿ ಮೊರ ತಳ್ಳಿದಳು.

“ಅಕ್ಕ, ಕಣ್ ಬಿಟ್ರೂ ಕತ್ಲೇನೇ.”

“ರೂಮೇ ಕತ್ಲು ಕಣೆ. ಮುಚ್ಕೊ, ಅವರೆ ಇನ್ನೂ ಉಳ್ಕಂಡೈತೆ.”

“ನೋಯ್ತದೆ.”

“ಕಳ್ಳಿ! ಸೋಲ್ತೀನಿ ಅಂತ ನೆಪ ಯೋಳ್ತೀಯ?”

ಅವಳು ಅಳಲಿಲ್ಲ. ಮತ್ತೆ ಅವರೆ ಆರಿಸತೊಡಗಿದಳು. ಮಾರನೆಯ ದಿನವೂ ಅದೇ ಮಾತು ಹೇಳಿದಳು, ಮೆಲ್ಲಗೆ, ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ. ಆಗ ನಾನು ಏನು ಮಾಡಿದೆ ಗೊತ್ತೇ? ಅಜ್ಜಿಯನ್ನು ಬಾಗಿಲಿಗೆ ಕರೆದು ತಂಗಿಯ ಜಾಣತನ ತೋರಿಸಿದೆ. ಅಜ್ಜಿ ತನ್ನ ಸೆರಗಿನಿಂದ ಒಂದು ಹಿಡಿ ಕಾಳು ಸುರಿದು ಪರೀಕ್ಷೆ ಮಾಡಿದಳು. ಮಗು ಒಂದೂ ತಪ್ಪಲಿಲ್ಲ. ಎಣಿಸಿ ಅರವತ್ತೆರಡು ಅಂದಳು.

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ಅಯ್ಯೋ ನನ್ ಕಂದ! ಆ ಮೇಷ್ಟ್ರುಗೇ ಇವ್ಳು ಪಾಠ ಯೋಳ್ತಾಳೆ ನೋಡು. ಕಣ್ಣೇ ಬ್ಯಾಡ ಇವ್ಳಿಗೆ!”

ನಾನೂ ನಕ್ಕೆ. ಮನಸ್ಸಿನಲ್ಲಿ ನಾನಾಗಲೇ ಯಲಹಂಕದ ರಸ್ತೆಯಲ್ಲಿ ನಡೆಯುತ್ತಿದ್ದೆ.

ಹನ್ನೊಂದನೆಯ ದಿನ ಮೂರನೆಯ ನೀರು. ಅವ್ವ ಅವಳನ್ನು ಎತ್ತಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ನಿಲ್ಲಿಸಿದಳು. ಹನ್ನೊಂದು ದಿನ ಕತ್ತಲೆಯಲ್ಲಿದ್ದ ಮಗು ಬಿಸಿಲಿಗೆ ಬಂದರೆ ಮುಖ ಕಿವುಚಬೇಕು, ಕೈ ಅಡ್ಡ ಹಿಡಿಯಬೇಕು. ಇವಳು ಸುಮ್ಮನೆ ನಿಂತಿದ್ದಳು. ನೀರು ಹಾಕಿ ಒರೆಸಿ, ಅವ್ವ ತಂಬಿಟ್ಟಿನ ತಟ್ಟೆ ಮುಂದೆ ಹಿಡಿದಳು. “ತಗೊ ಮಗ.” ತಂಗಿಯ ಕೈ ತಟ್ಟೆಯಿಂದ ಒಂದು ಗೇಣು ಆಚೆಗೆ ಹೋಗಿ ಗಾಳಿಯಲ್ಲಿ ತಡವಿತು.

ಅವ್ವ ತಟ್ಟೆ ಕೆಳಗಿಟ್ಟು ಹೆಬ್ಬೆರಳಿನಿಂದ ರೆಪ್ಪೆ ಎತ್ತಿದಳು. ಬಲಗಣ್ಣಿನ ಕಪ್ಪು ಇರಲಿಲ್ಲ. ಅಲ್ಲಿ ಗಂಜಿಯ ಕೆನೆಯಂಥದು ಕೂತಿತ್ತು. ಎಡಗಣ್ಣಿನಲ್ಲೂ ಒಂದು ಬಿಳಿ ಚುಕ್ಕೆ. ಅವ್ವ ಕಿರುಚಲಿಲ್ಲ. “ಅತ್ತೆ, ಇಲ್ ಬಾ,” ಅಂತ ಅಜ್ಜಿಯನ್ನು ಕರೆದಳು. ಅಷ್ಟೇ. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಪ್ಪ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಯಲಹಂಕದ ಡಿಸ್ಪೆನ್ಸರಿಗೆ ನಡೆದರು. ಹಿಂದೆ ಅವ್ವ, ನಾನು. ಅಲ್ಲಿಯ ಕಾಂಪೌಂಡರ್ ಮುಟ್ಟಿ ನೋಡುವುದಕ್ಕೂ ಹಿಂಜರಿದು, ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋಗಿ ಅಂದರು. ಬಸ್ಸು ಹತ್ತಿ ಹೋದೆವು. ನಾನು ಪೇಟೆಯನ್ನು ಮೊದಲ ಸಲ ನೋಡಿದ್ದು ಆವತ್ತು.

ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಅಪ್ಪನ ಹೆಗಲ ಮೇಲಿದ್ದ ತಂಗಿಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಎಷ್ಟು ದಿನದಿಂದ ಮಗು ಕಣ್ಣು ಬಿಡ್ತಿಲ್ಲ?”

ಅಪ್ಪ ಅವ್ವನನ್ನು ನೋಡಿದರು. ಅವ್ವ ನನ್ನನ್ನು ನೋಡಿದಳು. “ಇವ್ಳೇ, ತಾಯಿ, ಮಗಿನ ಜತೇಗಿದ್ದೋಳು.”

ನನಗೆ ಗೊತ್ತಿತ್ತು. ಐದನೆಯ ದಿನದಿಂದ. ಕಾಣಿಸುತ್ತಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಏಳನೆಯ ದಿನ. ಲೆಕ್ಕ ಇಡುವುದರಲ್ಲಿ ನಾನು ಹುಷಾರಿ.

“ಮೊನ್ನೆಯಿಂದ,” ಅಂದೆ.

“ಮೊನ್ನೆಯಿಂದ ಇಷ್ಟೆಲ್ಲ ಆಗಲ್ಲ ಮರಿ,” ಅಂದರು ಡಾಕ್ಟರಮ್ಮ. ಬೈಯಲಿಲ್ಲ. ಅಪ್ಪನ ಕಡೆ ತಿರುಗಿ, “ಏನ್ ತಿನ್ನಿಸ್ತಿದ್ರಿ ಇದಕ್ಕೆ? ಸೊಪ್ಪು, ಹಾಲು, ಏನಾದ್ರೂ?” ಅಂತ ಕೇಳಿದರು.

“ಅಮ್ಮ ಬಂದಿತ್ತಲ್ಲವ್ವ, ಕೊಡಂಗಿಲ್ಲ.”

“ಅದೇ ಸೊಪ್ಪು ಬೇಕಾಗಿತ್ತು ಕಣಯ್ಯ. ಒಂದು ವಾರ ಮುಂಚೆ ತಂದಿದ್ರೆ ಎರಡು ಕಣ್ಣೂ ಉಳಿಸ್ಬಹುದಿತ್ತೋ ಏನೋ.”

ಮೀನೆಣ್ಣೆ ಕುಡಿಸಿದರು, ಕಣ್ಣಿಗೆ ಪಟ್ಟಿ ಕಟ್ಟಿದರು, ಮೂರು ವಾರ ಅಲ್ಲೇ ಇಟ್ಟುಕೊಂಡರು. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಎದುರಿಗೆ ಬೆಳಕಿದೆಯೋ ಇಲ್ಲವೋ ಎಂದು ತಿಳಿಯುವಷ್ಟು ಮಾತ್ರ ಉಳಿಯಿತು.

ಆಮೇಲೆ ನಡೆದದ್ದನ್ನು ಬರೆಯುವುದು ಇನ್ನೂ ಕಷ್ಟ. ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಜ್ಜಿ ಮಾತ್ರ ತನ್ನ ಮಾತು ನೆನೆದು ನೆನೆದು ಬಾಯಿಗೆ ಹೊಡೆದುಕೊಳ್ಳುತ್ತಿದ್ದಳು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವಿಡೀ ಕಾಯುವುದನ್ನು ತನ್ನ ಕೆಲಸ ಮಾಡಿಕೊಂಡಳು. ಒಂದು ಬೆಳಿಗ್ಗೆ ಅಪ್ಪ ನನ್ನ ಕಡೆ ನೋಡದೆಯೇ ಹೇಳಿದರು: “ಅವ್ಳಂತೂ ಮನೇಲೇ ಇರೋಳು. ನೀನಾದ್ರೂ ಓದು, ಓಗು.” ನಾನು ಬಯಸಿದ್ದು ಸಿಕ್ಕಿತು. ಸಿಕ್ಕಿದ್ದು ಹೀಗೆ.

ಒಂದು ವರ್ಷದ ಮೇಲೆ, ಅವಳಿಗೆ ಎಣಿಕೆ ಮರೆತುಹೋದೀತು ಎಂದು, ಮೊರದಲ್ಲಿ ಕಾಳು ಹಾಕಿ ಅವಳ ಮುಂದಿಟ್ಟೆ. ಮುಟ್ಟಿ ನೋಡಿದಳು. ಎರಡೂ ಕೈಯಿಂದ ಮೊರವನ್ನು ಎತ್ತಿ ಮಗುಚಿದಳು. “ನಿನ್ ಜತೆ ಆಡಾಕಿಲ್ಲ,” ಅಂದಳು. ಐದೂವರೆ ವರ್ಷದ ಹುಡುಗಿ. ಆಮೇಲೆ ಅವಳು ನನ್ನ ಜೊತೆ ಯಾವ ಆಟವನ್ನೂ ಆಡಲಿಲ್ಲ. ಬೀದಿಯ ಮಕ್ಕಳ ಜೊತೆ ಆಡುತ್ತಿದ್ದಳು, ಅಜ್ಜಿಯ ಜೊತೆ ಆಡುತ್ತಿದ್ದಳು. ನಾನು ಬಂದರೆ ನಿಲ್ಲಿಸುತ್ತಿದ್ದಳು.

ನಾನು ಓದಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ. ನಮ್ಮ ಮನೆತನದಲ್ಲಿ ಮೊದಲನೆಯವಳು. ನಮ್ಮ ಊರಿನ ಹೆಣ್ಣುಮಕ್ಕಳಲ್ಲೂ ಮೊದಲನೆಯವಳು. ಮೈಲಿಗಟ್ಟಲೆ ನಡೆದಿದ್ದೇನೆ, ಒಂದೇ ಸೀರೆ ಒಗೆದು ಒಗೆದು ಉಟ್ಟು ಕಾಲೇಜಿಗೆ ಹೋಗಿದ್ದೇನೆ, ಹಿಂದಿನ ಬೆಂಚಿನವರು ‘ರಾಗಿಮುದ್ದೆ’ ಎಂದು ಕರೆದದ್ದನ್ನು ಕೇಳಿಸಿಕೊಂಡೂ ಪಾಸು ಮಾಡಿದ್ದೇನೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆ ಹೆಮ್ಮೆಯ ಅಡಿಯಲ್ಲಿ ಏನಿದೆ ಎಂಬುದನ್ನೂ ಮುಚ್ಚಿಡಬಾರದು.

ಅರವತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಬಿ.ಎ. ಫಲಿತಾಂಶ ತಿಳಿದುಕೊಂಡು ಊರಿಗೆ ಬಂದೆ. ಅವ್ವ ಹೊಲದಲ್ಲಿದ್ದಳು. ತಂಗಿ ಜಗಲಿಯ ಮೇಲೆ ಕೂತು ಹಂಚಿಕಡ್ಡಿ ಪೊರಕೆ ಕಟ್ಟುತ್ತಿದ್ದಳು. ಹದಿನಾಲ್ಕು ತುಂಬಿದ ಹುಡುಗಿ. ಪಾಸಾಯಿತು ಎಂದೆ. “ಒಳ್ಳೇದಾಯ್ತು,” ಅಂದಳು. ನಾನು ಅಲ್ಲೇ ಕೂತೆ. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

“ಆಸ್ಪತ್ರೇಲಿ ಡಾಕ್ಟರಮ್ಮ ಕೇಳ್ದಾಗ ನಾನು ಸುಳ್ಳು ಹೇಳ್ದೆ ಕಣೆ.”

“ಗೊತ್ತು. ಅಪ್ಪನ ಎಗಲ್ ಮೇಲೆ ನಾನೇ ಇದ್ನಲ್ಲ.”

“ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಲ್ಲೇ ನೀನು?”

“ಮೊದ್ಲು ಅಪ್ಪ ನಿನ್ನ ಒಡೆದಾರು ಅಂತ ಭಯ. ಆಮೇಲೆ ಯೋಳಿ ಏನ್ ಬಂತು?” ಕಡ್ಡಿಗಳನ್ನು ಸಮ ಮಾಡಿ ನೆಲಕ್ಕೆ ಕುಟ್ಟಿದಳು. “ಈಗ ನೀನು ಓದಿರೋಳು. ನಿಜ ಯೋಳು. ಆವತ್ತು ನೀನು ಸುಳ್ಳು ಯೋಳ್ದೆ ಇದ್ದಿದ್ರೆ ಕಣ್ಣು ಉಳೀತಿತ್ತಾ?”

ಇಲ್ಲ ಎಂದರೆ ನಾನು ಪಾರಾಗುತ್ತಿದ್ದೆ. ಅದು ನಿಜವೂ ಆಗಿತ್ತು; ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಆದರೆ ಅವಳು ಕೇಳುತ್ತಿದ್ದದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಆವತ್ತಲ್ಲ,” ಅಂದೆ. “ಕತ್ಲೆ ಅಂತ ನೀನು ಮೊದಲ್ನೇ ಸಲ ಹೇಳ್ದಾಗ ನಂಬಿದ್ರೆ ಉಳೀತಿತ್ತು. ಒಂದಾದ್ರೂ.”

ಅವಳ ಕೈ ನಿಂತಿತು. ರಸ್ತೆಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

“ಇಷ್ಟು ಯೋಳಾಕೆ ಬಿ.ಎ. ಓದ್ಬೇಕಾಯ್ತಾ ನಿಂಗೆ?” ಅಂದಳು.

ಮತ್ತೆ ಪೊರಕೆಯ ಹಗ್ಗ ಹಲ್ಲಿನಲ್ಲಿ ಕಚ್ಚಿ ಎಳೆದಳು. ಗಂಟು ಬಿಗಿಯುತ್ತಿರಲಿಲ್ಲ. ಹಿಡಿದುಕೊಳ್ಳಲು ನಾನು ಕೈ ಚಾಚಿದೆ. ಅವಳು ಪೊರಕೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಪಕ್ಕಕ್ಕೆ ತಿರುಗಿ, ತಾನೇ ಬಿಗಿದುಕೊಂಡಳು.