ಕಡೆಯ ಪಾಳಿಯ ಅಕ್ಕ

ಮೊನ್ನೆ ಓಣಿಯಲ್ಲಿ ಯಾರೋ ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಹರವಿದ್ದರು. ಆ ಹುಳಿಹುಳಿ ವಾಸನೆ ಒಲೆಯ ತನಕ ಬಂತು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದೆ. ಪಕ್ಕದ ಮನೆಯ ಅಕ್ಕನ ಸೀರೆಗೆ ಸದಾ ಇದೇ ವಾಸನೆ ಇರುತ್ತಿತ್ತು...

ಐವತ್ತರ ದಶಕದ ಮಾತು. ಪುರ್ತಗೇರಿಯಿಂದ ಗಜೇಂದ್ರಗಡಕ್ಕೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನನ್ನ ಗಂಡ ಸಾವಕಾರರು ಕೊಟ್ಟ ನೂಲಿನಲ್ಲಿ ಸೀರೆ ನೇಯ್ದು ಕೂಲಿ ಪಡೆಯುತ್ತಿದ್ದರು. ಅಕ್ಕನ ಗಂಡನೂ ಅಷ್ಟೇ. ಅವರದೂ ಒಂದೇ ಮಗ್ಗ, ನಮ್ಮದೂ ಒಂದೇ. ಆದರೂ ಅಕ್ಕನ ಮುಖದಲ್ಲಿ ಒಂದು ನಿರಾಳ ಇತ್ತು. ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಅವತ್ತು ಹನ್ನೆರಡು ಹೆಂಗಸರು ಅಕ್ಕನ ಪಡಸಾಲೆಯಲ್ಲಿ ಸೇರಿ ಭಿಶಿ ಹಾಕುತ್ತಿದ್ದೆವು. ತಲೆಗೆ ಎರಡು ರೂಪಾಯಿ. ಚೀಟಿಯಲ್ಲಿ ಯಾರ ಹೆಸರು ಬಂತೋ ಆ ತಿಂಗಳ ಗಂಟು ಅವಳಿಗೆ. ವರ್ಷದೊಳಗೆ ಎಲ್ಲರಿಗೂ ಒಂದೊಂದು ಪಾಳಿ. ಅಕ್ಕನ ಹೆಸರು ಬೇಗ ಬಂದರೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ. "ನನಗೇನ್ ಅವಸರಿಲ್ರಿ, ಗರಜ ಇದ್ದಾಕಿ ತಗೊಳ್ಳಿ" ಎಂದು ಬಿಟ್ಟುಕೊಟ್ಟು ಕಡೆಯ ಪಾಳಿಗೆ ಕಾಯುತ್ತಿದ್ದಳು. ಎಲ್ಲರೂ ಹೊಗಳುವರು. ನಾನು ಸೆರಗಿನ ಅಂಚು ತಿರುವುತ್ತ ಕೂರುತ್ತಿದ್ದೆ. ಅವಸರವಿಲ್ಲದಿರಲು ಇವಳೇನು ಹೊನ್ನು ಹೂತಿಟ್ಟಿದ್ದಾಳೆಯೇ?

ಆ ವರ್ಷ ಮೂರನೆಯ ತಿಂಗಳಿಗೇ ನನ್ನ ಹೆಸರು ಬಂತು. ಅದಕ್ಕಾಗಿ ನನ್ನ ಗಂಡ ಕಾದಿದ್ದರು. ಸ್ವಂತ ನೂಲಿನಲ್ಲಿ ನೇಯ್ದು ತಾವೇ ಮಾರಿ ಸಾವಕಾರರ ಹಂಗು ಕಳೆದುಕೊಳ್ಳುವ ಆಸೆ ಅವರದು. ಹೆಸರು ಬಂದೇ ಬರುತ್ತದೆಂಬ ಧೈರ್ಯದಲ್ಲಿ, ಅಮಾವಾಸ್ಯೆಗೆ ದುಡ್ಡು ಕೊಡುವೆನೆಂದು ಅಂಗಡಿಯಿಂದ ನೂಲನ್ನೂ ತಂದಾಗಿತ್ತು. ಗಂಟು ಕೈಗೆ ಬರುವಷ್ಟರಲ್ಲಿ ಹಿಂದಿನ ಮನೆಯವಳು, "ಮಗಳ ಬಾಣಂತನ ಬಂದೈತಿ ತಂಗಿ, ನಿನ್ನ ಪಾಳಿ ನನಗ ಕೊಡ್ತಿಯೇನ?" ಎಂದಳು. ಎಲ್ಲರೂ ನನ್ನನ್ನು ಬಿಟ್ಟು ಅಕ್ಕನ ಮುಖ ನೋಡಿದರು, ಅವಳೇ ದಾರಿ ತೋರಿಸಬೇಕೆಂಬಂತೆ. ಎದೆ ಉರಿಯಿತು.

"ತಗೊಳ್ರಿ, ನನಗೂ ಅವಸರಿಲ್ಲ" ಎಂದುಬಿಟ್ಟೆ.

"ಏ, ಈಕಿನೂ ಸಾವಕಾರ್ತಿ ಆದಳಲ್ಲವಾ!" ಎಂದು ಒಬ್ಬಳು ನಕ್ಕಳು. ಮನೆ ಮುಟ್ಟುವವರೆಗೂ ಆ ಮಾತು ಸಿಹಿಯಾಗಿಯೇ ಇತ್ತು...

ಗಂಡ ಬೈಯಲಿಲ್ಲ. "ಹೋಗ್ಲಿ ಬಿಡು" ಎಂದಷ್ಟೇ ಅಂದರು. ಮರುದಿನ ಸಾವಕಾರರ ಬಳಿ ಬಡ್ಡಿಗೆ ತಂದು ನೂಲಿನಂಗಡಿಗೆ ಕೊಟ್ಟರು. ಸಾಲ ಮುಟ್ಟುವ ತನಕ ನೇಯ್ದ ಸೀರೆಯೆಲ್ಲ ಸಾವಕಾರರಿಗೇ, ಅವರು ಹೇಳಿದ ದರಕ್ಕೇ ಹಾಕಬೇಕೆಂದು ಕರಾರಾಯಿತು.

ಸುದ್ದಿ ತಿಳಿದು ಅಕ್ಕ ಬಂದಳು. "ನೀ ಯಾಕ ಬಿಟ್ಟಿ ತಂಗಿ? ನಂದು ಬ್ಯಾರೆ. ನಮ್ಮ ಮನಿಯವರ ಕಣ್ಣು ಮಸಕ ಆಗಾಕತ್ತಾವ. ನೇಕಾರಗ ಪೆನ್ಶನ್ ಯಾರ್ ಕೊಡ್ತಾರ? ಕಡೀಕ ತಗೊಂಡು ಸೀದಾ ಪೋಸ್ಟಿನ ಪಾಸ್‌ಬುಕ್ಕಿಗೆ ಹಾಕ್ತೀನಿ. ನಿನಗ ಬೇಕಾಗಿದ್ದು ಬಡ್ಡಿ ಇಲ್ಲದ ಸಾಲ, ಅದು ಕೈಗೆ ಬಂದಿತ್ತು." ಆಮೇಲೆ ದನಿ ತಗ್ಗಿಸಿ, "ಪೋಸ್ಟಿನ್ಯಾಗಿಂದು ತಕ್ಕೊಡ್ತೀನಿ, ಲಗೂ ಮುಟ್ಟಿಸಿಬಿಡು" ಎಂದಳು.

"ನಿಮ್ಮ ಉಪಕಾರ ಬ್ಯಾಡ್ರಿ ಅಕ್ಕಾರ."

ಅವಳು ಎದ್ದು ಹೋದಳು.

ಆರೇಳು ವರ್ಷಕ್ಕೆ ಅವಳ ಗಂಡನ ಕಣ್ಣು ಪೂರಾ ಹೋದವು. ಪೋಸ್ಟಿನ ದುಡ್ಡಿನಲ್ಲಿ ಅಕ್ಕ ಓಣಿಯ ತುದಿಗೆ ಚುರುಮುರಿ ಅಂಗಡಿ ಇಟ್ಟಳು. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಹೇಳಲು ನಾಚಿಕೆಯಾಗುತ್ತದೆ, ಕಣ್ಣಿಲ್ಲದ ಆ ಮನುಷ್ಯನನ್ನು ಕಂಡೂ ನಾನು ಕರುಬಿದೆ. ಹಗಲಲ್ಲಿ ಕೂತಿದ್ದಾರಲ್ಲ, ಯಾರ ಕೂಲಿಗೂ ಮಗ್ಗದ ಕುಣಿಗೆ ಇಳಿಯದೆ! ತಡವಾಗಿ ಬಂದ ನನ್ನ ಪಾಳಿಯ ಗಂಟು ಬಡ್ಡಿಗೂ ಹೊಟ್ಟೆಗೂ ಸರಿಹೋಗಿ, ನನ್ನ ಗಂಡನ ಹಳೆ ಸಾಲದ ಮೇಲೆ ಹೊಸ ಸಾಲ ಕೂತಿತ್ತು.

ಗಂಡ ಹೋದ ಮೇಲೆ ಅಕ್ಕನೂ ತೀರಿ ವರ್ಷವಾಯಿತು. "ಯಾರ ಕಡೆ ಒಂದ್ ಪೈ ಬಾಕಿ ಇಟ್ಟಿಲ್ಲ ನೋಡ್ರಿ" ಎಂದು ಮಣ್ಣಿಗೆ ಬಂದವರು ಮಾತಾಡಿಕೊಂಡರು. ಅದೂ ನನಗೆ ಚುಚ್ಚಿತ್ತು.

ನಿನ್ನೆ ಮಧ್ಯಾಹ್ನ ನಮ್ಮ ಮಗ್ಗದ ಸದ್ದು ನಿಂತಿತು. "ಎಳಿ ಕಡದೈತಿ, ಎಲ್ಲೈತಿ ನೋಡು ಬಾ, ನನಗ ಕಾಣವಲ್ದು" ಎಂದು ಗಂಡ ಕರೆದರು. ಎಳೆ ಅವರ ಬೆರಳಿನ ಪಕ್ಕದಲ್ಲೇ ಇತ್ತು. ಗಂಟು ಹಾಕಿಕೊಟ್ಟು ಹೊರಗೆ ಬಂದೆ. ಇನ್ನೇನು ಮಾಡಲಿ ಎಂದು ಅಕ್ಕನನ್ನು ಕೇಳಲು ಪಕ್ಕದ ಮನೆಯ ಮೆಟ್ಟಿಲು ಹತ್ತಿಯೂ ಬಿಟ್ಟಿದ್ದೆ...

ಬಾಡಿಗೆಗೆ ಹೊಸದಾಗಿ ಬಂದ ಹೆಂಗಸು ಬಾಗಿಲಿಗೆ ಬಂದು, "ಯಾರ್ ಬೇಕಾಗಿತ್ರಿ?" ಎಂದಳು.